ಅಟ್ಟದ ಮೇಲಿನ ವರ್ಣಲೋಕ

1902ರ ಜೂನ್ 30ರಂದು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಹೊರಟ ವಿದ್ಯುತ್ತು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಯನ್ನು ತಲುಪಿತು. ಆ ತಂತಿಯಲ್ಲಿದ್ದ ಒತ್ತಡ ಮೂವತ್ತು–ಮೂವತ್ತೈದು ಸಾವಿರ ವೋಲ್ಟ್. ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸಿದ ಉದಾಹರಣೆ ಆಗ ಏಷ್ಯಾ ಖಂಡದಲ್ಲೇ ಇರಲಿಲ್ಲ. ಸರಿಯಾಗಿ ಎಂಬತ್ತು ವರ್ಷಗಳ ನಂತರ, 1982ರಲ್ಲಿ, ಭಾರತದ ಮನೆಗಳಿಗೆ ಬಣ್ಣದ ಟಿ.ವಿ. ಬಂತು. ನಡುಮನೆಯ ಮೂಲೆಯಲ್ಲಿ ಕಸೂತಿಯ ಹೊದಿಕೆ ಹೊದ್ದು, ನೆತ್ತಿಯ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಹೊತ್ತು ಕೂತ ಆ ಪೆಟ್ಟಿಗೆಯ ಒಡಲಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ಸಾವಿರ ವೋಲ್ಟ್ ಒತ್ತಡ ಮನೆಮಾಡಿತ್ತು. ಪ್ರವಾಹ ಒಂದು ಮಿಲಿಆಂಪಿಯರ್‌ನ ಆಸುಪಾಸು ಮಾತ್ರ, ನಿಜ. ಆದರೂ ಒಂದು ಕಾಲದಲ್ಲಿ ಚಿನ್ನದ ಗಣಿಗೆ ಶಕ್ತಿ ಮುಟ್ಟಿಸಲು ಬೇಕಾಗಿದ್ದಂಥ ಒತ್ತಡವನ್ನು ಮಂಡ್ಯ, ಮದ್ದೂರು, ಮಳವಳ್ಳಿಯ ಸಂಸಾರಗಳು ಭಾನುವಾರ ಬೆಳಗಿನ ರಾಮಾಯಣಕ್ಕೆ ದುಡಿಸಿಕೊಂಡವು ಎಂಬುದು ಸಣ್ಣ ವಿಸ್ಮಯವಲ್ಲ.

ಆ ಪೆಟ್ಟಿಗೆಗಳಿಗೆ ಈಗ ನಲವತ್ತು ದಾಟಿದೆ. ಹಳೆಯ ಕಾರು, ಗ್ರಾಮಫೋನು, ವಾಲ್ವ್ ರೇಡಿಯೋಗಳಿಗೆ ಸಿಕ್ಕ ಗೌರವ ಇವಕ್ಕಿನ್ನೂ ಸಿಕ್ಕಿಲ್ಲ. ಗ್ರಾಮಫೋನಿನ ಹಿತ್ತಾಳೆಯ ಕಹಳೆ ಹಾಡದಿದ್ದರೂ ಶೋಭಿಸುತ್ತದೆ. ಬಣ್ಣದ ಟಿ.ವಿ.ಗೆ ಆ ಭಾಗ್ಯವಿಲ್ಲ. ಅದರ ಸೌಂದರ್ಯವೆಲ್ಲ ಬೆಳಗುವ ಪರದೆಯಲ್ಲಿದೆ. ಆರಿದ ಮೇಲೆ ಉಳಿಯುವುದು ಬೂದು ಗಾಜು, ಪ್ಲೈವುಡ್ಡು ಮತ್ತು ಧೂಳು. ಆದ್ದರಿಂದ ಇದರ ಸಂಗ್ರಹವೆಂದರೆ ಅನಿವಾರ್ಯವಾಗಿ ಜೀರ್ಣೋದ್ಧಾರವೂ ಹೌದು. ಬಣ್ಣ ಮೂಡದ ಪೆಟ್ಟಿಗೆಯನ್ನು ಒರೆಸಿ ಷೋಕೇಸಿನಲ್ಲಿಟ್ಟವರು ಮರವನ್ನು ಉಳಿಸಿದ್ದಾರೆ, ಟಿ.ವಿ.ಯನ್ನಲ್ಲ.

ವರ್ಣದೂರದರ್ಶನದ ಕಥೆ ಜಗತ್ತಿನಲ್ಲಿ ಬಹಳ ಹಿಂದೆಯೇ ಶುರುವಾಯಿತು. ಸ್ಕಾಟ್ಲೆಂಡಿನ ಜಾನ್ ಲೋಗಿ ಬೇರ್ಡ್ 1928ರ ಜುಲೈ 3ರಂದೇ ತಿರುಗುವ ತಟ್ಟೆಯ ನೆರವಿನಿಂದ ಬಣ್ಣದ ಚಲಿಸುವ ಚಿತ್ರವನ್ನು ಲಂಡನ್ನಿನಲ್ಲಿ ತೋರಿಸಿದ. ಮನೆಬಳಕೆಯ ಯಂತ್ರವಾಗಿ ಅದು ರೂಪ ತಾಳಿದ್ದು ಅಮೆರಿಕದಲ್ಲಿ, 1954ರಲ್ಲಿ. ಆರ್‌ಸಿಎ ಕಂಪನಿಯ ಸಿಟಿ–100 ಎಂಬ ಆ ಆದಿಮ ಮಾದರಿಯ ಬೆಲೆ ಸಾವಿರ ಡಾಲರ್. ಗಣ್ಯಾತಿಗಣ್ಯರು ಮಾತ್ರ ಕೊಂಡಾರು! ತಯಾರಾದದ್ದು ನಾಲ್ಕೈದು ಸಾವಿರದಷ್ಟು. ಉಳಿದವು ಕೆಲವೇ, ಬೆಳಗುವವು ಇನ್ನೂ ಕಡಿಮೆ. ಅದರ ಹದಿನೈದು ಇಂಚಿನ ಪಿಕ್ಚರ್ ಟ್ಯೂಬಿನಲ್ಲಿ ಲೋಹ ಮತ್ತು ಗಾಜು ಬೆಸೆದ ಕಡೆ ವರ್ಷಗಳು ಉರುಳಿದಂತೆ ಗಾಳಿ ನುಸುಳಿ, ನಿರ್ವಾತ ಕೆಟ್ಟುಹೋಗುತ್ತದೆ. ನಿರ್ವಾತ ಹೋದರೆ ಬಣ್ಣವೂ ಹೋಯಿತು. ಒಹಾಯೋ ರಾಜ್ಯದ ಹಿಲಿಯರ್ಡ್ ಊರಿನ ಅರ್ಲಿ ಟೆಲಿವಿಷನ್ ಮ್ಯೂಸಿಯಂ ಇಂಥ ಪೆಟ್ಟಿಗೆಗಳನ್ನು ಕೂಡಿಹಾಕಿದ್ದಷ್ಟೇ ಅಲ್ಲ, ಸತ್ತ ಟ್ಯೂಬುಗಳಿಗೆ ಮರುಜೀವ ಕೊಡುವ ವಿದ್ಯೆಯನ್ನೂ ಉಳಿಸಿಕೊಳ್ಳಲು ಹೆಣಗುತ್ತಿದೆ. ಟ್ಯೂಬನ್ನು ಕತ್ತರಿಸಿ, ಹೊಸ ಎಲೆಕ್ಟ್ರಾನ್ ಗನ್ ಕೂರಿಸಿ, ಮತ್ತೆ ಗಾಳಿ ತೆಗೆದು ಮುಚ್ಚುವ ಕಾರ್ಖಾನೆಗಳು ಅಮೆರಿಕದಲ್ಲೂ ಯುರೋಪಿನಲ್ಲೂ ಒಂದೊಂದಾಗಿ ಬಾಗಿಲು ಹಾಕಿದ ಕಾಲವಿದು.

ನಮ್ಮ ದೇಶ ಆರಿಸಿಕೊಂಡದ್ದು ಅಮೆರಿಕದ ಪದ್ಧತಿಯನ್ನಲ್ಲ, ಜರ್ಮನಿಯ ವಾಲ್ಟರ್ ಬ್ರೂಕ್ ರೂಪಿಸಿದ ಪಾಲ್ ಪದ್ಧತಿಯನ್ನು. ಪಶ್ಚಿಮ ಜರ್ಮನಿಯಲ್ಲಿ ಅದು ಜಾರಿಗೆ ಬಂದದ್ದು 1967ರ ಆಗಸ್ಟ್ 25ರಂದು. ಬರ್ಲಿನ್ನಿನ ಸಮಾರಂಭದಲ್ಲಿ ಅಂದಿನ ಉಪಚಾನ್ಸಲರ್ ವಿಲ್ಲಿ ಬ್ರಾಂಟ್ ಕೆಂಪು ಗುಂಡಿ ಒತ್ತಿದೊಡನೆ ಚಿತ್ರ ಬಣ್ಣಕ್ಕೆ ತಿರುಗಬೇಕಿತ್ತು; ಆತನ ಕೈ ಗುಂಡಿಯನ್ನು ಪೂರ್ತಿ ಒತ್ತುವ ಮೊದಲೇ ಬಣ್ಣ ಬಂದುಬಿಟ್ಟಿತು. ಗುಂಡಿ ಬರೀ ಅಲಂಕಾರಕ್ಕೆಂದು ಇಡೀ ದೇಶಕ್ಕೆ ತಿಳಿಯಿತು. ಉದ್ಘಾಟನೆಗಳ ಸ್ವಭಾವ ಎಲ್ಲ ಕಡೆಯೂ ಒಂದೇ.

ಪಾಲ್ ಪದ್ಧತಿಯ ಹೃದಯವನ್ನು ಕಾಣಬೇಕಾದರೆ ಆ ಕಾಲದ ಪೆಟ್ಟಿಗೆಯ ಹಿಂಬದಿಯ ಮುಚ್ಚಳ ತೆಗೆಯಬೇಕು. ಬಣ್ಣದ ಬೋರ್ಡಿನ ಮೇಲೆ ಬೆಂಕಿಪೊಟ್ಟಣಕ್ಕಿಂತ ತುಸು ತೆಳುವಾದ ಒಂದು ಪ್ಲಾಸ್ಟಿಕ್ ಚೌಕ ಕಾಣುತ್ತದೆ. ಒಳಗಿರುವುದು ನಯವಾಗಿ ಅರೆದ ಒಂದು ಗಾಜಿನ ಬಿಲ್ಲೆ. ಬಣ್ಣದ ಸಂಕೇತ ಅದರೊಳಗೆ ವಿದ್ಯುತ್ತಾಗಿ ಹೋಗುವುದಿಲ್ಲ, ಶಬ್ದವಾಗಿ ಹೋಗುತ್ತದೆ. ಮನುಷ್ಯನ ಕಿವಿಗೆ ಎಟುಕದ ಕಂಪನವಾಗಿ ಗಾಜಿನ ಅಂಚಿನಿಂದ ಅಂಚಿಗೆ ಪುಟಿಯುತ್ತಾ, ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 64 ಭಾಗದಷ್ಟು ತಡವಾಗಿ ಹೊರಬಂದು ಮತ್ತೆ ವಿದ್ಯುತ್ತಾಗುತ್ತದೆ. ಪರದೆಯ ಒಂದು ಗೆರೆ ಬರೆಯಲು ಹಿಡಿಯುವ ಕಾಲವೂ ಅಷ್ಟೇ. ಹಾಗೆ ಹಿಂದಿನ ಗೆರೆಯ ಬಣ್ಣವೂ ಈಗಿನ ಗೆರೆಯ ಬಣ್ಣವೂ ಮುಖಾಮುಖಿಯಾಗುತ್ತವೆ. ಒಂದು ಗೆರೆಯಲ್ಲಿ ದೋಷ ಈ ಕಡೆಗೆ ವಾಲಿದ್ದರೆ ಮುಂದಿನದರಲ್ಲಿ ಆ ಕಡೆಗೆ ವಾಲುವಂತೆ ಪ್ರಸಾರದಲ್ಲೇ ಏರ್ಪಾಡಾಗಿರುವುದರಿಂದ ಎರಡೂ ಸೇರಿ ದೋಷ ಅಳಿಯುತ್ತದೆ. ಚಿತ್ರದಲ್ಲಿನ ಮುಖ ಹಸಿರಾಗುವುದಿಲ್ಲ, ನೇರಳೆಯಾಗುವುದಿಲ್ಲ. ಇಷ್ಟೆಲ್ಲ ಸೂಕ್ಷ್ಮ ವ್ಯವಹಾರ ಸೆಕೆಂಡಿಗೆ 15,625 ಬಾರಿ, ಹಜಾರದಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತವರ ಎದುರಿಗೇ ನಡೆಯುತ್ತಿತ್ತು!

ಭಾರತದಲ್ಲಿ ದೂರದರ್ಶನ ಪ್ರಯೋಗಾರ್ಥವಾಗಿ ಹುಟ್ಟಿದ್ದು 1959ರ ಸೆಪ್ಟೆಂಬರ್ 15ರಂದು, ದಿಲ್ಲಿಯಲ್ಲಿ. ಇಪ್ಪತ್ತಮೂರು ವರ್ಷ ಅದು ಕಪ್ಪು–ಬಿಳುಪಿನಲ್ಲೇ ಕಳೆಯಿತು. ಬಡ ದೇಶಕ್ಕೆ ಬಣ್ಣವೇಕೆ ಎಂಬ ವಾದ ಸಂಸತ್ತಿನಲ್ಲೂ ಪತ್ರಿಕೆಗಳಲ್ಲೂ ಬಿರುಸಾಗಿಯೇ ನಡೆದಿತ್ತು. ಅಂದಿನ ವಾರ್ತಾ ಮತ್ತು ಪ್ರಸಾರ ಸಚಿವ ವಸಂತ ಸಾಠೆ ಬಣ್ಣದ ಪರ ಹಟ ಹಿಡಿದರು. ಏಷ್ಯಾಡ್ ಕ್ರೀಡಾಕೂಟ ಅವರಿಗೆ ಒದಗಿಬಂದ ನೆಪ. 1982ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಇಂದಿರಾ ಗಾಂಧಿಯವರ ಭಾಷಣ ಬಣ್ಣದಲ್ಲಿ ಪ್ರಸಾರವಾಯಿತು. ನವೆಂಬರ್ 19ರಿಂದ ಡಿಸೆಂಬರ್ 4ರವರೆಗೆ ಕ್ರೀಡಾಕೂಟ ಇಡೀ ದೇಶವನ್ನು ಪರದೆಯ ಮುಂದೆ ಕೂರಿಸಿತು. ಹಾಕಿ ಫೈನಲ್‌ನಲ್ಲಿ ಪಾಕಿಸ್ತಾನದ ಎದುರು ಭಾರತ 1–7ರಿಂದ ಸೋತದ್ದೂ ಹಚ್ಚಹಸಿರು ಮೈದಾನದ ಮೇಲೆ, ಬಣ್ಣದಲ್ಲೇ.

ಕರ್ನಾಟಕಕ್ಕೆ ಟಿ.ವಿ. ಬಂದ ದಾರಿ ಮಾತ್ರ ಬಹುಮಂದಿ ಊಹಿಸುವುದಕ್ಕೆ ತದ್ವಿರುದ್ಧ. ಅದು ಮೊದಲು ಬೆಂಗಳೂರಿಗೆ ಬರಲಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಉಪಗ್ರಹ ಪ್ರಯೋಗದಲ್ಲಿ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗರು ಊರೊಟ್ಟಿನ ಟಿ.ವಿ. ನೋಡಿದರು. ಆರು ರಾಜ್ಯಗಳ 2,400 ಹಳ್ಳಿಗಳಿಗೆ ವ್ಯಾಪಿಸಿದ ಪ್ರಯೋಗವದು. 1977ರಲ್ಲಿ ಗುಲ್ಬರ್ಗದಲ್ಲಿ ಕೇಂದ್ರ ನೆಲೆಯಾಯಿತು. ಬೆಂಗಳೂರು ದೂರದರ್ಶನ ಆರಂಭವಾದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ವಿಚಿತ್ರವೆಂದರೆ ಟಿ.ವಿ. ಕಾಣುವ ಮೊದಲೇ ಟಿ.ವಿ.ಯ ಅಂಗಾಂಗಗಳನ್ನು ಬೆಂಗಳೂರು ಮಾಡುತ್ತಿತ್ತು. ಜಾಲಹಳ್ಳಿಯ ಬಿಇಎಲ್ 1970ರಲ್ಲೇ ಕಪ್ಪು–ಬಿಳುಪು ಪಿಕ್ಚರ್ ಟ್ಯೂಬುಗಳ ತಯಾರಿಕೆಗೆ ಇಳಿದಿತ್ತು. 1972ರಿಂದ ದೂರದರ್ಶನಕ್ಕೆ ಟ್ರಾನ್ಸ್‌ಮಿಟರುಗಳನ್ನೂ ಕೊಟ್ಟಿತು. 1963ರಲ್ಲಿ ಪಾಲಕ್ಕಾಡಿನಲ್ಲಿ ಹುಟ್ಟಿ ಬೆಂಗಳೂರನ್ನು ಕೇಂದ್ರವಾಗಿಸಿಕೊಂಡ ಬಿಪಿಎಲ್, ಏಷ್ಯಾಡ್ ನಂತರದ ಬಣ್ಣದ ಅಲೆಯಲ್ಲಿ ಮನೆಮಾತಾಯಿತು. ಮದರಾಸಿನ ಸಾಲಿಡೇರ್, ಡಯನೋರಾ, ಹೈದರಾಬಾದಿನ ಇಸಿ, ಮುಂಬಯಿಯ ಒನಿಡಾ ಹೀಗೆ ಹೆಸರುಗಳ ಮೆರವಣಿಗೆಯೇ ಹೊರಟಿತು. ಸಂಗ್ರಾಹಕರ ದೃಷ್ಟಿಯಿಂದ ಈ ವೈವಿಧ್ಯ ಒಂದು ನಿಧಿ. ಅಮೆರಿಕದ ಹವ್ಯಾಸಿಗೆ ಸಿಟಿ–100 ಹೇಗೋ, ನಮಗೆ 1982–85ರ ಇಪ್ಪತ್ತು ಇಂಚಿನ ಮರದ ಪೆಟ್ಟಿಗೆ ಹಾಗೆ. ಅದು ಅಪರೂಪವಾಗಿ ಕಾಣದಿರುವುದಕ್ಕೆ ಕಾರಣ, ನಮ್ಮ ಕಣ್ಣೆದುರೇ ಗುಜರಿಗೆ ಹೋಗುತ್ತಿರುವುದು.

ಬೆಂಗಳೂರಿನ ಬಡಾವಣೆಯಲ್ಲಿ ಬಣ್ಣ ಸಲೀಸಾಗಿ ಮೂಡಿತು. ಎಂಬತ್ತು, ನೂರು ಕಿಲೋಮೀಟರ್ ಆಚೆಗಿನ ಮದ್ದೂರು, ಮಂಡ್ಯ, ಮಳವಳ್ಳಿಗಳಲ್ಲಿ ಅದನ್ನು ಗಾಳಿಯಿಂದ ಹಿಡಿದು ತರಬೇಕಿತ್ತು. ಮನೆಯ ತಾರಸಿಗೆ ಎರಡು, ಮೂರು ಕಬ್ಬಿಣದ ಪೈಪು ಜೋಡಿಸಿ ನಿಲ್ಲಿಸಿ, ನಾಲ್ಕು ದಿಕ್ಕಿಗೆ ತಂತಿ ಬಿಗಿದು, ತುದಿಯಲ್ಲಿ ಅಲ್ಯೂಮಿನಿಯಂ ಆಂಟೆನಾ, ಅದರ ಬುಡಕ್ಕೊಂದು ಬೂಸ್ಟರ್. ಗಾಳಿ ಬೀಸಿದರೆ ದಿಕ್ಕು ತಪ್ಪುತ್ತಿತ್ತು, ಕಾಗೆ ಕೂತರೆ ಚಿತ್ರ ಕುಣಿಯುತ್ತಿತ್ತು. ಪೈಪು ಹಿಡಿದು ತಿರುಗಿಸುವವನು ಮೇಲೆ, ಪರದೆ ನೋಡುವವನು ಒಳಗೆ, ಸುದ್ದಿ ಮುಟ್ಟಿಸುವವನು ಅಂಗಳದಲ್ಲಿ.

"ಬತ್ತೇನ್ಲಾ?"

"ಬಂತು, ಬಂತು, ಅಂಗೇ ಇಡ್ಕಣಣ್ಣೋ! ಅಯ್ಯೋ, ವೊಂಟೋಯ್ತು ಕಲ್ಲರ್ರು!"

ಆ ಕೂಗಿನ ಹಿಂದೆ ಒಂದು ತಾಂತ್ರಿಕ ಸತ್ಯವಿತ್ತು. ಬಣ್ಣದ ಟಿ.ವಿ.ಯೊಳಗೆ ಕಲರ್ ಕಿಲ್ಲರ್ ಎಂಬ ಕಾವಲುಗಾರನಿರುತ್ತಾನೆ. ಸಂಕೇತ ದುರ್ಬಲವಾಗಿ ಬಣ್ಣವನ್ನು ನಂಬುವಂತಿಲ್ಲ ಎನಿಸಿದ ಕ್ಷಣ ಅವನು ಬಣ್ಣದ ಭಾಗವನ್ನೇ ಮುಚ್ಚಿ, ಶುದ್ಧ ಕಪ್ಪು–ಬಿಳುಪು ಚಿತ್ರವನ್ನಷ್ಟೇ ಬಿಡುತ್ತಾನೆ. ಆದ್ದರಿಂದ ಪ್ರಸಾರದ ಅಂಚಿನ ಊರುಗಳಲ್ಲಿ ಹತ್ತು ಸಾವಿರ ರೂಪಾಯಿಯ ಆಸುಪಾಸು ಸುರಿದು ಕೊಂಡ ಬಣ್ಣದ ಪೆಟ್ಟಿಗೆ ಎಷ್ಟೋ ಸಂಜೆ ಬಣ್ಣವಿಲ್ಲದೆಯೇ ನಡೆಯುತ್ತಿತ್ತು. ಆಂಟೆನಾ ಅಂಗುಲದಷ್ಟು ತಿರುಗಿದಾಗ ಹಠಾತ್ತನೆ ನಾಯಕಿಯ ಸೀರೆ ಕೆಂಪಾಗುತ್ತಿತ್ತು. ಇದಕ್ಕೆ ಪ್ರತಿಯಾಗಿ ಕಪ್ಪು–ಬಿಳುಪು ಟಿ.ವಿ.ಯವರು ಪರದೆಗೆ ಮೇಲೆ ನೀಲಿ, ಕೆಳಗೆ ಹಸಿರು ಬಳಿದ ಪ್ಲಾಸ್ಟಿಕ್ ಹಾಳೆ ಕಟ್ಟಿ ತಮ್ಮದೇ ಬಣ್ಣ ಮಾಡಿಕೊಂಡಿದ್ದರು. ಆಕಾಶವೂ ನೀಲಿ, ವಾರ್ತೆ ಓದುವವರ ಹಣೆಯೂ ನೀಲಿ.

ವಿದ್ಯುತ್ತಿನ ಏರಿಳಿತ ಇನ್ನೊಂದು ಅಧ್ಯಾಯ. ಕಬ್ಬಿನ ಗದ್ದೆಯ ಪಂಪ್‌ಸೆಟ್ಟುಗಳು ಒಟ್ಟಿಗೇ ಚಾಲೂ ಆದರೆ ಸಂಜೆಯ ವೋಲ್ಟೇಜು ಕುಸಿಯುತ್ತಿತ್ತು, ಅವು ನಿಂತಾಗ ಜಿಗಿಯುತ್ತಿತ್ತು. ಶಿವನಸಮುದ್ರದ ವಿದ್ಯುತ್ತು ಮೊದಲು ಕೋಲಾರಕ್ಕೆ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಹರಿದುಹೋದ ಮಂಡ್ಯ ಜಿಲ್ಲೆಯಲ್ಲೇ ಟಿ.ವಿ.ಯ ಪಕ್ಕ ಸ್ಟೆಬಿಲೈಸರ್ ಇಲ್ಲದ ಮನೆ ಇರಲಿಲ್ಲ. ಸಕ್ಕರೆ ಕಾರ್ಖಾನೆಯ ಬಟವಾಡೆ ಕೈಗೆ ಬಂದ ವರ್ಷ ಟಿ.ವಿ. ಕೊಂಡವರು ಅದಕ್ಕೆ ಷಟರಿನ ಬಾಗಿಲೂ ಬೀಗವೂ ಇರುವ ಪೆಟ್ಟಿಗೆಯನ್ನೇ ಆರಿಸಿದರು. ಬೀಗದ ಕೈ ಯಜಮಾನಿಯ ಸೆರಗಿನ ಗಂಟಿನಲ್ಲಿ. ಇಂದು ಆ ಪೆಟ್ಟಿಗೆಗಳು ಅಟ್ಟ ಸೇರಿವೆ, ಕೆಲವು ಕಡೆ ಹಿಂಡಿ ಮೂಟೆಗಳ ಹಿಂದೆ ಕೂತಿವೆ.

ಅಂಥದೊಂದನ್ನು ಕೆಳಗಿಳಿಸಿದ ದಿನ ಮಾಡಲೇಬಾರದ ಕೆಲಸವೆಂದರೆ ಪ್ಲಗ್ ಚುಚ್ಚಿ ಸ್ವಿಚ್ ಒತ್ತುವುದು. ದಶಕಗಳು ಮಲಗಿದ ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳ ಒಳದ್ರವ ಆರಿರುತ್ತದೆ. ಒಮ್ಮೆಗೇ ಒತ್ತಡ ಬಿದ್ದರೆ ಅವು ಸಿಡಿದು ಜೊತೆಗೆ ಸಿಗದ ಬಿಡಿಭಾಗಗಳನ್ನೂ ಕೊಂಡೊಯ್ಯುತ್ತವೆ. ಹಳೆಯ ಮೆಕ್ಯಾನಿಕ್ಕುಗಳ ಕ್ರಮ ಬೇರೆ. ಮೊದಲು ಬ್ರಷ್ಷು, ಬ್ಲೋವರಿನಿಂದ ಧೂಳು ತೆಗೆಯುತ್ತಾರೆ. ಅತ್ಯಧಿಕ ಒತ್ತಡದ ಭಾಗಕ್ಕೆ ಧೂಳು ಅಂಟುವ ಪ್ರಮಾಣ ಎಷ್ಟೆಂದರೆ ಪಿಕ್ಚರ್ ಟ್ಯೂಬಿನ ಹೆಗಲ ಮೇಲೆ ಕಪ್ಪು ತುಪ್ಪಟವೇ ಬೆಳೆದಿರುತ್ತದೆ. ಟ್ಯೂಬಿಗೆ ಕಚ್ಚಿಕೊಂಡ ರಬ್ಬರ್ ಟೋಪಿಯ ಅಡಿಗೆ, ತಂತಿಯ ಮೂಲಕ ಟ್ಯೂಬಿನ ಹೊರಮೈಯ ಗ್ರೌಂಡಿಗೆ ಕೂಡಿಸಿದ ಉದ್ದ ಸ್ಕ್ರೂಡ್ರೈವರ್ ತೂರಿಸಿ ಉಳಿದ ಚಾರ್ಜನ್ನು ಇಳಿಸುತ್ತಾರೆ. ಆಗ ಒಮ್ಮೊಮ್ಮೆ ಬರುವ ಚಟ್ ಎಂಬ ಕಿಡಿ, ಆರಿಸಿಟ್ಟ ಟಿ.ವಿ.ಯೂ ನಿರುಪದ್ರವಿಯಲ್ಲ ಎಂಬುದಕ್ಕೆ ಸಾಕ್ಷಿ. ಅನುಭವವಿಲ್ಲದವರು ಇದಕ್ಕೆ ಕೈ ಹಾಕಬಾರದು.

ಕಂಡೆನ್ಸರುಗಳನ್ನು ಬದಲಿಸಿ, ಅಧಿಕ ಒತ್ತಡ ಹುಟ್ಟಿಸುವ ಇಎಚ್‌ಟಿ ಟ್ರಾನ್ಸ್‌ಫಾರ್ಮರಿನ ಸುತ್ತಲಿನ ಬಿರುಕುಬಿಟ್ಟ ಬೆಸುಗೆಗಳನ್ನು ಮತ್ತೆ ಹಾಕಿದ ಮೇಲೆ ಬರುವುದು ಸೀರೀಸ್ ಬಲ್ಬಿನ ಪರೀಕ್ಷೆ. ಟಿ.ವಿ.ಯ ದಾರಿಯಲ್ಲಿ ನೂರು ವಾಟಿನ ಮಾಮೂಲಿ ಬಲ್ಬೊಂದನ್ನು ಸೇರಿಸುತ್ತಾರೆ. ಬಲ್ಬು ಒಮ್ಮೆ ಪ್ರಖರವಾಗಿ ಹೊತ್ತಿ ಮಂಕಾದರೆ ಶುಭಸೂಚನೆ. ಹೊತ್ತಿದ್ದು ಹಾಗೇ ಉರಿದರೆ ಎಲ್ಲೋ ಷಾರ್ಟ್ ಇದೆ, ಬಹುಪಾಲು ಬಿಯು 208 ಎಂಬ ಲೈನ್ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿದೆ. ಸಾವಿರಾರು ರೂಪಾಯಿಯ ಉಪಕರಣ ಹೇಳುವುದನ್ನು ಈ ಬಲ್ಬು ಹೇಳಿಬಿಡುತ್ತದೆ. ಬೆಳಕು ಬಂದ ಬಳಿಕದ ಕೆಲಸ ಇನ್ನೂ ಸೊಗಸಾದದ್ದು. ಬಣ್ಣ ತಿದ್ದುವ ಕುಶಲಿ ಮೊದಲು ಬಣ್ಣವನ್ನು ಪೂರ್ತಿ ಇಳಿಸಿ, ಕಪ್ಪು–ಬಿಳುಪು ಚಿತ್ರವನ್ನು ನೋಡುತ್ತಾನೆ. ಬೂದು ಶುದ್ಧ ಬೂದಾಗಿ ಕಾಣಬೇಕು. ಅದರಲ್ಲಿ ಕೆಂಪಿನ ಛಾಯೆ ಇದ್ದರೆ ಕೆಂಪು ಗನ್ನನ್ನು ತಗ್ಗಿಸಿ, ಹಸಿರಿದ್ದರೆ ಹಸಿರನ್ನು ತಗ್ಗಿಸಿ, ಮೂರೂ ಸಮವಾದ ಮೇಲಷ್ಟೇ ಬಣ್ಣ ಏರಿಸುತ್ತಾನೆ. ಮೂಲೆಯಲ್ಲಿ ನೇರಳೆ ಕಲೆ ಉಳಿದಿದ್ದರೆ ಪಕ್ಕದಲ್ಲಿ ಯಾರೋ ಸ್ಪೀಕರ್ ಇಟ್ಟಿದ್ದರೆಂದೇ ಅರ್ಥ. ಅಯಸ್ಕಾಂತದ ಆ ಮುನಿಸನ್ನು ತಾಮ್ರದ ಸುರುಳಿಯೊಂದನ್ನು ಪರದೆಯ ಮುಂದೆ ವೃತ್ತಾಕಾರವಾಗಿ ಆಡಿಸುತ್ತ, ಆಡಿಸುತ್ತಲೇ ಹಿಂದಕ್ಕೆ ಸರಿದು ಇಳಿಸಬೇಕು. ದೃಷ್ಟಿ ತೆಗೆಯುವವರನ್ನು ನೋಡಿದಂತಿರುತ್ತದೆ.

ಇದಾದ ಮೇಲೆ ಪರದೆಯ ಮೇಲೊಂದು ನೀರಿನ ಹನಿ ಇಟ್ಟರೆ ಅದೇ ಭೂತಗನ್ನಡಿ. ಬಿಳಿಯೆಂದು ಕಂಡ ಜಾಗದಲ್ಲಿ ಕೆಂಪು, ಹಸಿರು, ನೀಲಿಯ ಕಿರುಗೀಟುಗಳು ಸಾಲಾಗಿ ನಿಂತಿರುತ್ತವೆ. ಆ ಕೆಂಪಿಗೆ ಯೂರೋಪಿಯಂ ಎಂಬ ವಿರಳ ಧಾತು ಕಾರಣ. 1960ರ ದಶಕದಲ್ಲಿ ಅದು ಬಂದ ಮೇಲೆಯೇ ಪರದೆಗಳಿಗೆ ಕುಂಕುಮದ ಕೆಂಪು ದಕ್ಕಿತು; ಅದಕ್ಕೂ ಮುಂಚಿನ ಕೆಂಪು ಮಂಕಾಗಿತ್ತು.

ಎಲ್ಲ ಜೀರ್ಣೋದ್ಧಾರ ಕೊನೆಗೆ ಬಂದು ನಿಲ್ಲುವುದು ಪಿಕ್ಚರ್ ಟ್ಯೂಬಿನ ಎದುರು. ಮಿಕ್ಕೆಲ್ಲ ಭಾಗಕ್ಕೂ ಬದಲಿ ಹುಡುಕಬಹುದು, ಅದಕ್ಕಿಲ್ಲ. ದಣಿದ ಟ್ಯೂಬಿನ ಹೀಟರಿಗೆ 6.3 ವೋಲ್ಟ್ ಬದಲು ಹೆಚ್ಚು ಕೊಟ್ಟು ಕೆಲ ತಿಂಗಳು ಚೇತರಿಸುವ ಉಪಾಯ ನಮ್ಮ ಮೆಕ್ಯಾನಿಕ್ಕುಗಳಿಗೆಲ್ಲ ಗೊತ್ತು. ಕ್ರಿಕೆಟ್ ಸರಣಿ ಮುಗಿಯುವವರೆಗೆ ನಡೆದರೆ ಸಾಕೆಂಬ ಗಿರಾಕಿಗೆ ಅದು ಸರಿ. ಸಂಗ್ರಹಕ್ಕೆ ಸಲ್ಲದು, ಏಕೆಂದರೆ ಅದು ಉಳಿದ ಆಯಸ್ಸನ್ನು ಬೇಗ ಉರಿಸುತ್ತದೆ. ದಿನಕ್ಕೆ ಅರ್ಧ ಗಂಟೆ ಮಾತ್ರ ಬೆಳಗಿಸಿ, ಮಂಕು ಚಿತ್ರವನ್ನೇ ಒಪ್ಪಿಕೊಳ್ಳುವುದು ಹೆಚ್ಚು ಪ್ರಾಮಾಣಿಕ. ಇನ್ನು ಟ್ಯೂಬನ್ನು ಕಿತ್ತು ಆ ಜಾಗಕ್ಕೆ ಎಲ್‌ಸಿಡಿ ಪರದೆ ಕೂರಿಸುವವರು, ಮೀನಿನ ತೊಟ್ಟಿ ಮಾಡುವವರು ಇದ್ದಾರೆ. ಪೀಠೋಪಕರಣವಾಗಿ ಚೆನ್ನ, ಟಿ.ವಿ.ಯಾಗಿ ಅಲ್ಲ.

ಬೆಲೆಯಿಲ್ಲವೆಂದು ಜಗತ್ತು ಬಿಸಾಡಿದ್ದನ್ನು ಹೆಕ್ಕಿ ತಂದು ಬೆಲೆ ಕಟ್ಟಿದವರು ಮಂಡ್ಯ ಜಿಲ್ಲೆಗೆ ಹೊಸಬರಲ್ಲ. ರಾಮನಗರದ ಹೆದ್ದಾರಿ ಬದಿಯ ಜಾನಪದ ಲೋಕವನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರು. ನೇಗಿಲು, ಕೊಳಗ, ಬುಡುಬುಡಿಕೆಗಳನ್ನು ಅವರು ಸಂಗ್ರಹಿಸುವಾಗ ಅವು ಎಲ್ಲರ ಹಿತ್ತಲಲ್ಲೂ ಬಿದ್ದಿದ್ದವು. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಅಂಕೇಗೌಡರು ಒಂದೊಂದಾಗಿ ಕೂಡಿಸಿದ ಪುಸ್ತಕಗಳು ಒಂದು ಮಹಾಗ್ರಂಥಾಲಯವೇ ಆಗಿ ನಿಂತಿವೆ. ಮರದ ಕೊಳಗಕ್ಕೆ ಸಂದ ಮರ್ಯಾದೆ ಷಟರಿನ ಟಿ.ವಿ.ಗೂ ಸಲ್ಲಬೇಕಾದ ಕಾಲ ಬಂದಿದೆ. ಮಂಡ್ಯದ ಗ್ರಾಮಜೀವನವನ್ನು 1980ರ ದಶಕದಲ್ಲಿ ಇದರಷ್ಟು ಬದಲಿಸಿದ ವಸ್ತು ಇನ್ನೊಂದಿದೆಯೆಂದು ಹೇಳುವುದು ಕಷ್ಟ.

ಸರಿಪಡಿಸಿದ ಪೆಟ್ಟಿಗೆಗೆ ತೋರಿಸುವುದೇನು ಎಂಬ ಪ್ರಶ್ನೆ ಈಗ ಎದುರಾಗುತ್ತದೆ. ಆಂಟೆನಾಗೆ ಸಿಗುತ್ತಿದ್ದ ದೂರದರ್ಶನದ ಹಳೆಯ ಅನಲಾಗ್ ಪ್ರಸಾರ ಹಂತಹಂತವಾಗಿ ನಿಂತುಹೋಗಿದೆ. ಆ ಕಾಲದ ಬಹುತೇಕ ಪೆಟ್ಟಿಗೆಗಳಿಗೆ ಹಿಂದೆ ಎವಿ ಪಿನ್ನೂ ಇಲ್ಲ, ಇರುವುದು ಆಂಟೆನಾದ ಎರಡು ತಿರುಪು ಮಾತ್ರ. ಹಾಗಾಗಿ ಡಿವಿಡಿ ಪ್ಲೇಯರಿನ ಚಿತ್ರವನ್ನು ಮತ್ತೆ ಹಳೆಯ ಚಾನೆಲ್ ಸಂಕೇತವಾಗಿ ಮಾರ್ಪಡಿಸುವ ಆರ್‌ಎಫ್ ಮಾಡ್ಯುಲೇಟರ್ ಎಂಬ ಸಣ್ಣ ಡಬ್ಬಿ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಅದೂ ಸಿಕ್ಕೀತು, ಬಿಯು 208 ಕೂಡ ಸಿಕ್ಕೀತು. ಅಸಲಿಯೋ ನಕಲಿಯೋ ಎಂದು ಗುರುತಿಸಲು ಅನುಭವ ಬೇಕು, ಆ ಅನುಭವ ಇರುವವರಿಗೆ ಅರವತ್ತು ದಾಟಿದೆ. ಪೇಟೆ ಬೀದಿಗಳ ರೇಡಿಯೋ–ಟಿ.ವಿ. ರಿಪೇರಿ ಅಂಗಡಿಗಳು ಮೊಬೈಲ್ ಅಂಗಡಿಗಳಾಗಿವೆ. ಬಿಡಿಭಾಗದ ಕೊರತೆಗಿಂತ ಇದು ದೊಡ್ಡ ಕೊರತೆ. ತಾಂತ್ರಿಕ ಕಾಲೇಜುಗಳಿರುವ ಮಂಡ್ಯ, ಮದ್ದೂರುಗಳಲ್ಲಿ ಒಬ್ಬ ಹಳೆಯ ಮೆಕ್ಯಾನಿಕ್ಕನ್ನು ಕರೆಸಿ ಒಂದು ಪೆಟ್ಟಿಗೆಯನ್ನು ವಿದ್ಯಾರ್ಥಿಗಳ ಎದುರು ಬಿಚ್ಚಿಸುವುದು ಖರ್ಚಿನ ಮಾತೂ ಅಲ್ಲ.

ಗುಜರಿಯವನು ಪಿಕ್ಚರ್ ಟ್ಯೂಬಿನಿಂದ ಬಯಸುವುದು ಅದರ ಕೊರಳಿಗೆ ಸುತ್ತಿದ ಯೋಕ್ ಎಂಬ ಸುರುಳಿಯ ತಾಮ್ರವನ್ನಷ್ಟೇ. ಅದನ್ನು ಕಿತ್ತುಕೊಂಡು ಸೀಸ ಬೆರೆತ ಗಾಜನ್ನು ಒಡೆದು ಬಿಸಾಡುತ್ತಾನೆ. ಅಟ್ಟದ ಪೆಟ್ಟಿಗೆಯನ್ನು ಅವನಿಗೆ ತೂಗಿ ಕೊಡುವ ಮೊದಲು ಹಿಂಬದಿಯ ಮುಚ್ಚಳದ ಚೀಟಿಯಲ್ಲಿ ಮಾದರಿಯ ಹೆಸರು, ಸಂಖ್ಯೆ ಏನಿದೆಯೆಂದು ಓದುವುದು ಒಳಿತು. ಕೆಲವು ಕಂಪನಿಗಳು ಪೂರ್ತಿ ಸರ್ಕ್ಯೂಟ್ ನಕ್ಷೆಯನ್ನೇ ಕೈಪಿಡಿಯೊಂದಿಗೆ ಕೊಡುತ್ತಿದ್ದವು. ಅದು ಸಿಕ್ಕರೆ ರಿಪೇರಿಯ ಅರ್ಧ ಭಾರ ಇಳಿದಂತೆ. ಆಗ ಟಿ.ವಿ. ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ಆ ಪುಸ್ತಕ, ಅಂಗಡಿಯ ರಸೀದಿ, ಸ್ಟೆಬಿಲೈಸರ್, ಷಟರಿನ ಬೀಗದ ಕೈ ಇವೆಲ್ಲ ಪೆಟ್ಟಿಗೆಯ ಜೊತೆಗೇ ಉಳಿದಿದ್ದರೆ ಸಂಗ್ರಾಹಕರು ಅದಕ್ಕೆ ಕೊಡುವ ಬೆಲೆಯೇ ಬೇರೆ.